ಸೂಜಿಯ ಪಕ್ಕದ ಕೆಂಪು ದೀಪ

ಸರಗೂರು
19–1–1978

ರೇಡಿಯೋ ರಿಪೇರಿ ಕುಳ್ಳಯ್ಯನವರಿಗೆ, ಸರಗೂರಿನಿಂದ ಸೋಮಮ್ಮ ಬರೆಯುವುದು.

ನಿಮಗೆ ನನ್ನ ಪರಿಚಯವಿಲ್ಲ. ನನಗೂ ನಿಮ್ಮ ಪರಿಚಯ ಒಂದು ಚೀಟಿಯಷ್ಟೇ. ನಮ್ಮ ಪಕ್ಕದ ಹೋಟೆಲಿನ ನಂಜಣ್ಣ ಮೊನ್ನೆ ಗೋಡೆಗೆ ಸುಣ್ಣ ಹೊಡೆಸುವಾಗ ತಮ್ಮ ರೇಡಿಯೋ ತಂದು ನಮ್ಮ ಮೇಜಿನ ಮೇಲೆ ಬೋರಲು ಹಾಕಿ ಹೋದರು. ಅದರ ಹೊಟ್ಟೆಯ ಕೆಳಗೆ ನಿಮ್ಮ ಚೀಟಿ ಅಂಟಿತ್ತು. ‘ರಿಪೇರಿ ಮಾಡಿದವರು: ಕುಳ್ಳಯ್ಯ, ಬಸ್ ಸ್ಟ್ಯಾಂಡ್ ಹಿಂಭಾಗ, ಕೆ.ಆರ್. ನಗರ. ಮತ್ತೆ ಕೆಟ್ಟರೆ ಒಂದು ಕಾರ್ಡು ಬರೆಯಿರಿ.’ ರೇಡಿಯೋ ಕೆಟ್ಟಿಲ್ಲವಂತೆ. ಕೆಟ್ಟಿರುವುದು ಬೇರೆ. ಅದು ಕಾರ್ಡಿನಲ್ಲಿ ಹಿಡಿಸುವುದಿಲ್ಲವೆಂದು ಕಾಗದವನ್ನೇ ಬರೆಯುತ್ತಿದ್ದೇನೆ.

ಇಲ್ಲಿ ನಮ್ಮ ದೊಡ್ಡಮ್ಮ ಹೊಲಿಗೆ ಅಂಗಡಿ ಇಟ್ಟು ಹದಿನಾರು ವರ್ಷವಾಯಿತು. ರವಿಕೆ, ಲಂಗ, ಮಕ್ಕಳ ಅಂಗಿ. ಒಮ್ಮೆ ಹೊಲಿಸಿಕೊಂಡವರು ಬೇರೆ ಕಡೆ ಹೋಗುವುದಿಲ್ಲ, ಅಂಥ ಕೈ. ಆದರೆ ಅವರಿಗೆ ಕಿವಿ ಕೇಳುವುದಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಬಂದ ಜ್ವರ ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಎದುರು ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ತೊಂದರೆ ಏನೆಂದರೆ ಬೆಳಕು ಬರುವ ಕಿಟಕಿ ಅಂಗಡಿಯ ಹಿಂದಿನ ಗೋಡೆಯಲ್ಲಿದೆ. ಕಿಟಕಿಗೆ ಮುಖ ಮಾಡಿದರೆ ಬೀದಿ ಬಾಗಿಲಿಗೆ ಬೆನ್ನು. ಬಾಗಿಲಿಗೆ ಮುಖ ಮಾಡಿದರೆ ತಮ್ಮ ನೆರಳೇ ಸೂಜಿಯ ಮೇಲೆ. ಹೋದ ವರ್ಷ ಗಿರಾಕಿಗಳ ಎರಡು ಸೀರೆ ಕಾಣೆಯಾದ ಮೇಲೆ ಅರ್ಧ ಬಾಗಿಲಿಗೆ ಚಿಲಕ ಹಾಕಿಕೊಂಡು ಕೂರುತ್ತಾರೆ. ಬಂದವರು ಹೊರಗೆ ನಿಂತು ಕೂಗುತ್ತಾರೆ, ಚಿಲಕ ಅಲ್ಲಾಡಿಸುತ್ತಾರೆ, ಬೈದುಕೊಂಡು ಹೊರಟು ಹೋಗುತ್ತಾರೆ.

ದೊಡ್ಡಮ್ಮನ ತಮ್ಮ ಚಿಕ್ಕಣ್ಣ ಎನ್. ಬೇಗೂರಿನಲ್ಲಿದ್ದಾರೆ. ಹೊಲ ಮನೆ ಇರುವವರು, ಒಳ್ಳೆಯವರು. “ಯುಗಾದಿ ಬಟ್ಟೆ ಒಲಿಗೆ ಮುಗಿಸ್ಕಂಡು ಬಾಗ್ಲು ಆಕ್ಬುಡಕ್ಕಾ, ನಮ್ಮನೇಲೇ ಇದ್ಬುಡು” ಎಂದು ಹೇಳಿ ಹೋಗಿದ್ದಾರೆ. ಅಲ್ಲಿ ಊಟಕ್ಕೆ, ಪ್ರೀತಿಗೆ ಏನೂ ಕಮ್ಮಿ ಇಲ್ಲ. ಆದರೆ ಅಲ್ಲಿ ಅವರು ಚಿಕ್ಕಣ್ಣನ ಕಿವುಡಿ ಅಕ್ಕ. ಇಲ್ಲಿ ಟೈಲರ್.

ಬಾಗಿಲಲ್ಲಿ ಗುಂಡಿ ಒತ್ತಿದರೆ ಮಿಶನ್ ಮೇಲೆ ದೀಪ ಹತ್ತುವ ಹಾಗೆ ನಾವೇ ಟಾರ್ಚಿನ ಬಲ್ಬು ಕಟ್ಟಿ ನೋಡಿದೆವು. ಹೊಲಿಯುವಾಗಿನ ಅದುರಿಗೆ ಒಳಗಿನ ಎಳೆ ಕಡಿದು ಒಂದು ತಿಂಗಳಲ್ಲಿ ನಾಲ್ಕು ಬಲ್ಬು ಹೋದವು. ಅದುರಿಗೆ ಸಾಯದ ದೀಪ ಯಾವುದಾದರೂ ಇದೆಯೇ? ಇದ್ದರೆ ತಿಳಿಸಿ. ಇಲ್ಲದಿದ್ದರೆ ಇಲ್ಲವೆಂದಾದರೂ ತಿಳಿಸಿ.

ಇತಿ,
ಸೋಮಮ್ಮ

*

ಕೆ.ಆರ್. ನಗರ
26–1–1978

ಸೋಮಮ್ಮ ಎಂಬ ಮಗುವಿಗೆ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ನಿನ್ನ ಬೆನ್ನು ತಟ್ಟಬೇಕು. ಇಪ್ಪತ್ತೆಂಟು ವರ್ಷದಿಂದ ಆ ಚೀಟಿ ಅಂಟಿಸುತ್ತಿದ್ದೇನೆ, ಒಬ್ಬನೂ ಕಾರ್ಡು ಬರೆದವನಿಲ್ಲ. ರೇಡಿಯೋ ಕೆಟ್ಟರೆ ತಲೆ ಮೇಲೆ ಒಂದು ಗುದ್ದು ಹಾಕಿ ಸುಮ್ಮನಾಗುತ್ತಾರೆ. ನಿನ್ನ ದುಂಡು ಅಕ್ಷರ ನೋಡಿದರೆ ಏಳನೇ ಕ್ಲಾಸಿರಬೇಕು. ಚೆನ್ನಾಗಿ ಓದು.

ನನ್ನ ಹೆಸರು ನೋಡಿ ಗಿಡ್ಡ ಎಂದುಕೊಳ್ಳಬೇಡ. ಐದಡಿ ಒಂಬತ್ತಂಗುಲ ಇದ್ದೇನೆ. ಹುಟ್ಟಿದಾಗ ಚಿಕ್ಕದಾಗಿದ್ದೆನಂತೆ, ನಮ್ಮಜ್ಜಿ ಆತುರಪಟ್ಟು ಹೆಸರಿಟ್ಟುಬಿಟ್ಟಳು.

ನಿಮ್ಮ ದೊಡ್ಡಮ್ಮನಿಗೆ ಮದ್ದು ನನ್ನ ಹತ್ತಿರ ಇದೆ. ಈ ಬೆಂಕಿಪೊಟ್ಟಣದೊಳಗೆ ಹತ್ತಿಯಲ್ಲಿ ಸುತ್ತಿ ಎರಡು ಕೆಂಪು ಕಾಳು ಕಳಿಸಿದ್ದೇನೆ. ಇದರ ಹೆಸರು ಎಲ್.ಇ.ಡಿ. ಹೊಸ ಸರಕು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದ ನಮ್ಮೂರಿನವನ ಕೈಲಿ ತರಿಸಿದ್ದೆ. ಇದರಲ್ಲಿ ಎಳೆಯೇ ಇಲ್ಲ, ಇನ್ನು ಕಡಿಯುವುದೆಲ್ಲಿ? ಮಿಶನ್ ಅಲ್ಲ, ರಾಗಿ ಮಿಲ್ಲಿನ ಮೇಲೆ ಕಟ್ಟಿದರೂ ಜಗ್ಗುವುದಿಲ್ಲ. ಬೆಳಕು ಮಾತ್ರ ಸಣ್ಣದು, ದೂರಕ್ಕೆ ಕಾಣದು. ಕಣ್ಣಿನ ಹತ್ತಿರವೇ ಇಡಬೇಕು.

ಎರಡು ಟಾರ್ಚಿನ ಸೆಲ್ಲು ಸಾಕು. ಆದರೆ ನೇರವಾಗಿ ಕೊಟ್ಟೀಯೆ, ಸುಟ್ಟು ಹೋಗುತ್ತದೆ. ಜೊತೆಗೆ ಕಳಿಸಿರುವ ಕಂದು–ಕಪ್ಪು–ಕಂದು ಪಟ್ಟೆಯ ಚೂರನ್ನು ನಡುವೆ ಕೂಡಿಸು. ನಮ್ಮ ಚುಂಚನಕಟ್ಟೆ ನಾಲೆಯಲ್ಲಿ ತೂಬು ಹೇಗೆ ಗದ್ದೆಗೆ ಬೇಕಾದಷ್ಟೇ ನೀರು ಬಿಡುತ್ತದೋ, ಇದು ಕರೆಂಟನ್ನು ಹಾಗೆ ಬಿಡುತ್ತದೆ. ಕಾಳಿಗೆ ಒಂದು ಉದ್ದ ಕಾಲು, ಒಂದು ಗಿಡ್ಡ ಕಾಲು. ಉದ್ದ ಕಾಲು ಸೆಲ್ಲಿನ ತಲೆಯ ಉಬ್ಬಿನ ಕಡೆಗೆ ಬರಬೇಕು.

ತಂತಿಗಳನ್ನು ಬರೀ ಹೆಣೆದು ಬಿಡಬೇಡ, ಅದುರಿಗೆ ಬಿಚ್ಚಿಕೊಳ್ಳುತ್ತದೆ. ಬೆಸುಗೆಯೇ ಆಗಬೇಕು. ತವರ ಕರಗಿಸಿ ಕೂಡಿಸುವುದು ದೊಡ್ಡವರ ಕೆಲಸ, ನೀನು ಕೈ ಸುಟ್ಟುಕೊಳ್ಳಬೇಡ. ದೊಡ್ಡಮ್ಮನ ಕೈಗಂತೂ ಕೊಡಲೇಬೇಡ. ನಾನೇ ಕೂಡಿಸಿ ಕಳಿಸಬಹುದಿತ್ತು. ಏನು ಮಾಡಲಿ, ಇಲ್ಲಿ ಕೆಲಸ ತಲೆ ಮೇಲೆ ಕೂತಿದೆ.

ಬೆಲೆಯ ಮಾತು ಎತ್ತಿದರೆ ಮುಂದೆ ಕಾಗದ ಬರೆಯುವುದಿಲ್ಲ. ಕಿವುಡರಿಗೆ ಕೂಗಿ ಕೂಗಿ ನಿನ್ನ ಗಂಟಲು ಹೋಗಿರಬೇಕು ಪಾಪ. ಮೆಣಸಿನ ಕಷಾಯ ಕುಡಿ.

ಕುಳ್ಳಯ್ಯ

*

ಸರಗೂರು
6–2–1978

ಕುಳ್ಳಯ್ಯನವರಿಗೆ ನಮಸ್ಕಾರಗಳು.

ಹತ್ತಿತು! ಮೊದಲು ಇದನ್ನು ಬರೆದು ಉಳಿದದ್ದು ಬರೆಯೋಣವೆಂದು ಕೂತಿದ್ದೇನೆ. ನಿಮ್ಮ ಕೆಂಪು ಕಾಳು ಹತ್ತಿತು!

ಬೆಸುಗೆಗೆ ಯಾರನ್ನೂ ಕರೆಯಲಿಲ್ಲ. ಬೀದಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಸಾಬರು ಕೂತಿದ್ದರು. ಅವರು ಒಂದು ತಾಮ್ರದ ಕಡ್ಡಿ, ಸ್ವಲ್ಪ ತವರ, ಅದು ಹಿಡಿಯುವುದಕ್ಕೆ ಹಚ್ಚುವ ಪುಡಿ ಎಲ್ಲಾ ಕೊಟ್ಟರು. ಕಡ್ಡಿ ಕಾಯಿಸಲು ಒಲೆ ಹೂಡಬೇಕಾಗಲಿಲ್ಲ. ಅಂಗಡಿಯ ಇಸ್ತ್ರಿ ಪೆಟ್ಟಿಗೆಯಲ್ಲಿ ಕೆಂಡ ಯಾವಾಗಲೂ ಇರುತ್ತದೆ. ಅದರ ಮುಚ್ಚಳ ತೆಗೆದು ಕಡ್ಡಿಯ ತುದಿಯನ್ನು ಕೆಂಡದಲ್ಲಿ ಹುಗಿದು, ಆಮೇಲೆ ಒಂದು ಲಂಗ ಇಸ್ತ್ರಿ ಮಾಡುವಷ್ಟು ಹೊತ್ತು ಬಿಟ್ಟರೆ ಹದವಾಗಿ ಕಾಯುತ್ತದೆ. ಒಮ್ಮೆ ಕಾದರೆ ಎರಡು ಬೆಸುಗೆ. ಮೂರನೆಯದಕ್ಕೆ ಮತ್ತೆ ಕೆಂಡಕ್ಕೆ.

ಮೊದಲ ದಿನ ಬೆಸುಗೆ ಮೇಣದ ಹಾಗೆ ಜಾರಿ ಬಿತ್ತು. ಎರಡನೆಯ ದಿನ ತಿಳಿಯಿತು, ತವರವನ್ನು ಕಾಯಿಸಬಾರದು, ತಂತಿಯನ್ನು ಕಾಯಿಸಬೇಕು. ಆಮೇಲೆ ತವರ ತಾನೇ ಓಡಿ ಬಂದು ಅಪ್ಪಿಕೊಂಡಿತು. ಅದನ್ನು ನೋಡಿ ಎಷ್ಟು ಖುಷಿಯಾಯಿತೆಂದರೆ ಬೇಕಿಲ್ಲದ ಎರಡು ತಂತಿ ತಂದು ಸುಮ್ಮನೆ ಬೆಸೆದೆ. ಮೂರನೆಯ ದಿನ ಎಲ್ಲ ಕೂಡಿಸಿ ಗುಂಡಿ ಒತ್ತಿದರೆ ಕತ್ತಲೆ. ಕಾಳು ಸತ್ತಿತೆಂದುಕೊಂಡೆ. ನಿಮ್ಮ ಕಾಗದ ಮತ್ತೆ ಓದಿದೆ. ಗಿಡ್ಡ ಕಾಲು ಉಬ್ಬಿನ ಕಡೆಗೆ ಹೋಗಿತ್ತು. ನಿಮ್ಮ ಹೆಸರಿನ ಧ್ಯಾನದಲ್ಲಿ ಹಾಗಾಯಿತೋ ಏನೋ.

ಇನ್ನೊಂದು ಮಾತು. ಇಲ್ಲಿ ಯಾರ ಗಂಟಲೂ ಹೋಗಿಲ್ಲ. ಕಿವುಡರ ಹತ್ತಿರ ಕೂಗಿ ಪ್ರಯೋಜನವಿಲ್ಲ ರಾಯರೇ. ಮುಖ ಕೊಟ್ಟು ನಿಧಾನವಾಗಿ ಮಾತಾಡಬೇಕು, ಅಷ್ಟೇ. ಕೂಗಿದರೆ ಬಾಯಿ ಆಕಾರ ಕೆಟ್ಟು ಮಾತು ಇನ್ನಷ್ಟು ತಿಳಿಯದೆ ಹೋಗುತ್ತದೆ.

ಸೋಮಮ್ಮ

*

ಕೆ.ಆರ್. ನಗರ
14–2–1978

ಮಗೂ ಸೋಮಮ್ಮ,

ಇಸ್ತ್ರಿ ಪೆಟ್ಟಿಗೆಯಲ್ಲಿ ಬೆಸುಗೆ! ಇದನ್ನು ಬಸ್ ಸ್ಟ್ಯಾಂಡಿನಲ್ಲಿ ಹನ್ನೆರಡು ಜನಕ್ಕೆ ಹೇಳಿದೆ, ಹನ್ನೊಂದು ಜನ ನಂಬಲಿಲ್ಲ. ಹನ್ನೆರಡನೆಯವನು ಧೋಬಿ, ಅವನು ತಲೆಯಾಡಿಸಿದ.

ತಂತಿಯನ್ನು ಕಾಯಿಸಬೇಕು, ತವರವನ್ನಲ್ಲ ಎಂಬುದು ನನ್ನ ತಲೆಗೆ ಹೋಗಲು ಗುರುಗಳ ಕೈಲಿ ಆರು ತಿಂಗಳು ಬೈಸಿಕೊಂಡಿದ್ದೆ. ನೀನು ಎರಡು ದಿನದಲ್ಲಿ ಕಂಡುಕೊಂಡೆ. ಬೆಸುಗೆಯ ಗಂಟು ಹೊಳೆಯುತ್ತದೆಯೋ, ಮಂಕಾಗಿದೆಯೋ? ಹೊಳೆದರೆ ಗಟ್ಟಿ. ಯಾವ ಕ್ಲಾಸು ಎಂದು ಬರೆಯಲೇ ಇಲ್ಲ. ದೊಡ್ಡಮ್ಮ ದೀಪ ನೋಡಿ ಏನೆಂದರು? ಕಾರ್ಡಿನಲ್ಲಿ ಜಾಗ ಮುಗಿಯಿತು.

ಕುಳ್ಳಯ್ಯ

*

ಸರಗೂರು
25–2–1978

ಕುಳ್ಳಯ್ಯನವರಿಗೆ,

ಗಂಟು ಹೊಸ ಪಾತ್ರೆಯ ಹಾಗೆ ಹೊಳೆಯುತ್ತದೆ.

ದೀಪ ಎಲ್ಲಿಟ್ಟೆವು ಗೊತ್ತೇ? ಸೂಜಿಯ ಪಕ್ಕದಲ್ಲೇ, ಎರಡಂಗುಲ ಆಚೆ. ಹೊಲಿಯುವವರ ಕಣ್ಣು ಬೇರೆಲ್ಲೂ ಇರುವುದಿಲ್ಲವಲ್ಲ. ಕಿಟಕಿಯ ಬೆಳಕಿಗೆ ಕಾಳು ಮಂಕಾಗಿ ಕಂಡಿತು. ಅದಕ್ಕೆ ಕೈಹೊಲಿಗೆಗೆ ಬೆರಳಿಗೆ ಹಾಕುವ ಲೋಹದ ಟೋಪಿ ಇರುತ್ತದಲ್ಲ, ಅದರ ತಲೆಗೆ ತೂತು ಕೊರೆದು, ಒಳಗೆ ದೀಪದ ಮಸಿ ಬಳಿದು, ಕಾಳನ್ನು ಅದರೊಳಗೆ ಕೂರಿಸಿದೆವು. ಈಗ ನಡು ಮಧ್ಯಾಹ್ನವೂ ಗುಲಗಂಜಿಯ ಹಾಗೆ ಕೆಂಪಗೆ ಕಾಣುತ್ತದೆ. ತಂತಿ ಗೋಡೆಯ ಮೇಲೆ ಹೋಗಿ ಬಾಗಿಲ ಚೌಕಟ್ಟಿನ ಗುಂಡಿಗೆ ಸೇರುತ್ತದೆ. ‘ಕೂಗಬೇಡಿ, ಒತ್ತಿ’ ಎಂದು ಬೋರ್ಡು ಬರೆದಿದ್ದೇವೆ.

ಮೊದಲು ಒತ್ತಿದವಳು ಕೆಂಪಿ. ಎನ್. ಬೇಗೂರಿನ ಆಚೆ ಕಾಡಂಚಿನ ಹಾಡಿಯವಳು, ಸಂತೆಗೆ ಜೇನು ತಂದಾಗಲೆಲ್ಲ ರವಿಕೆಗೆ ಬರುತ್ತಾಳೆ. ಒಂದು ಸಲ ಒತ್ತಿ ಒಳಗೆ ಬಂದಳು. ಏನೋ ಯೋಚಿಸಿ ಮತ್ತೆ ಹೊರಗೆ ಹೋಗಿ ಮೂರು ಸಲ ಒತ್ತಿದಳು. “ಮೂರ್ ಕಿತ ಅತ್ತುದ್ರೆ ಅದು ನಾನು ಕಣಕ್ಕಾ. ಬ್ಯಾರೆಯೋರ್ಗೆ ಎಲ್ಡೋ ನಾಕೋ ಕೊಟ್ಕೊ, ಮೂರು ನಂದು” ಎಂದಳು. ನಮಗೆ ಹೊಳೆಯದ್ದು ಅವಳಿಗೆ ಹೊಳೆಯಿತು. ಈಗ ಬೀದಿಯಲ್ಲೆಲ್ಲ ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ. ಹೋಟೆಲ್ ನಂಜಣ್ಣ ಒಂದು ಉದ್ದ, ಒಂದು ಗಿಡ್ಡ ಒತ್ತುತ್ತಾರೆ. ದೊಡ್ಡಮ್ಮ ತಿರುಗದೆಯೇ “ಟೀ ಅಲ್ಲಿಡಿ ನಂಜಣ್ಣ” ಎನ್ನುತ್ತಾರೆ. ಮೂವತ್ತು ವರ್ಷದ ಮೇಲೆ ಯಾರು ಬಂದರೆಂದು ತಿರುಗದೆ ತಿಳಿಯುವುದು ಇದೇ ಮೊದಲು. ದೊಡ್ಡಮ್ಮ ಏನೆಂದರು ಎಂದು ಕೇಳಿದ್ದಿರಿ. ಮಿಶನ್ ತುಳಿಯುತ್ತಾ ನಗುತ್ತಾರೆ.

ನಾನು ಯಾವ ಕ್ಲಾಸೂ ಅಲ್ಲ. ಅದಿರಲಿ, ನೀವು ಕಾರ್ಡನ್ನು ಬಸ್ಸಿನಲ್ಲಿ ಕೂತು ಬರೆದಿರೋ ಹೇಗೆ? ಅಕ್ಷರಗಳು ಕುಣಿಯುತ್ತಿದ್ದವು. ‘ಧೋಬಿ’ ಓದಲು ಎರಡು ದಿನ ಹಿಡಿಯಿತು.

ಸೋಮಮ್ಮ

*

ಕೆ.ಆರ್. ನಗರ
4–3–1978

ಮಗೂ,

ಉದ್ದ–ಗಿಡ್ಡ ಒತ್ತುವುದು ತಂತಿ ಆಫೀಸಿನವರ ವಿದ್ಯೆ. ನಿಮ್ಮ ನಂಜಣ್ಣನಿಗೆ ಅದು ಗೊತ್ತಿರಲಾರದು, ಹೇಳಬೇಡ, ಜಂಬ ಬಂದೀತು. ಬೆರಳಿನ ಟೋಪಿಯ ಯೋಚನೆಗೆ ಮಾತ್ರ ನಾನು ಎದ್ದು ನಿಂತು ಕೈ ಮುಗಿದೆ.

ಸ್ಕೂಲು ಬಿಡಿಸಿದರೆಂದು ಕಾಣುತ್ತದೆ. ಬೇಸರ ಮಾಡಿಕೊಳ್ಳಬೇಡ. ನಿನ್ನ ಕೈಗೆ ಸ್ಕೂಲು ಬೇಕಿಲ್ಲ. ಇಲ್ಲಿ ಕೆಲಸ ವಿಪರೀತ, ಇಷ್ಟಕ್ಕೆ ನಿಲ್ಲಿಸುತ್ತೇನೆ.

ಕುಳ್ಳಯ್ಯ

*

ಸರಗೂರು
11–3–1978

ಕುಳ್ಳಯ್ಯನವರೇ,

ದೀಪ ಹೋಯಿತು.

ಮೂರು ದಿನದಿಂದ ಒಮ್ಮೆ ಹತ್ತಿ ಒಮ್ಮೆ ಸುಮ್ಮನಿರುತ್ತಿತ್ತು. ನಿನ್ನೆ ಪೂರ್ತಿ ನಿಂತಿತು. ಸೆಲ್ಲು ಬದಲಾಯಿಸಿದೆ, ಉಪಯೋಗವಾಗಲಿಲ್ಲ. ಗಂಟುಗಳ ಮೇಲೆ ಹಸಿರು–ಬಿಳಿ ಪುಡಿ ಎದ್ದಿದೆ, ಹಳೆಯ ಹಿತ್ತಾಳೆ ಚೊಂಬಿನ ಹಾಗೆ. ಮುಟ್ಟಿದರೆ ತಂತಿಯೇ ಮುರಿದು ಕೈಗೆ ಬರುತ್ತದೆ.

ನಿನ್ನೆ ಕೆಂಪಿ ಬಿಸಿಲಲ್ಲಿ ನಿಂತು ಒತ್ತಿ ಒತ್ತಿ ಸಾಕಾಗಿ, ಕೊನೆಗೆ ಅರ್ಧ ಬಾಗಿಲು ಹತ್ತಿ ಇಳಿದು ಬಂದು ಭುಜ ಮುಟ್ಟಿದಳು. ಬೆಚ್ಚಿಬಿದ್ದು ಬೆರಳ ಮೇಲೆ ಹೊಲಿಗೆ ಹಾಕಿಕೊಂಡೆ.

ಹೌದು, ನನ್ನ ಬೆರಳಿನ ಮೇಲೆ. ದೊಡ್ಡಮ್ಮ ಎಂಬುವರು ಯಾರೂ ಇಲ್ಲ ಕುಳ್ಳಯ್ಯನವರೇ. ಟೈಲರ್ ನಾನೇ. ಕಿವುಡಿಯೂ ನಾನೇ. ನನಗೆ ನಲವತ್ತನಾಲ್ಕು ವರ್ಷ, ಏಳನೇ ಕ್ಲಾಸಿನ ಹುಡುಗಿ ಅಲ್ಲ. ನಿಮಗೆ ಸುಳ್ಳು ಬರೆದದ್ದಕ್ಕೆ ಕಾರಣ ಹೇಳುತ್ತೇನೆ. ಕಿವುಡಿ ಎಂದು ತಿಳಿದ ಕೂಡಲೇ ಜನ ನನಗೆ ಹೇಳಬೇಕಾದ ಮಾತನ್ನು ನನ್ನ ಪಕ್ಕದಲ್ಲಿ ನಿಂತವರಿಗೆ ಹೇಳುತ್ತಾರೆ. ನನ್ನ ಅಳತೆ, ನನ್ನ ಬಟ್ಟೆ, ನನ್ನ ಮುಂದಿನ ದಿನಗಳು, ಎಲ್ಲವನ್ನೂ. ಕಾಗದದಲ್ಲಾದರೂ ಒಬ್ಬರು ನನಗೇ ಹೇಳಲಿ ಎಂದು ಆಸೆಯಾಯಿತು. ನೀವು ಹೇಳಿದಿರಿ. ಬೈದಿರಿ, ಹೊಗಳಿದಿರಿ, ಕಷಾಯ ಕುಡಿ ಎಂದಿರಿ. ಹೀಗೆ ನನ್ನೊಡನೆ ಯಾರಾದರೂ ತಮಾಷೆ ಮಾಡಿ ಬಹಳ ವರ್ಷವಾಗಿತ್ತು. ಅದು ನಿಲ್ಲುತ್ತದೆಂಬ ಭಯಕ್ಕೆ ಇಲ್ಲಿಯವರೆಗೆ ಬಾಯಿ ಬಿಡಲಿಲ್ಲ.

ಯುಗಾದಿ ಆದ ವಾರ ತಮ್ಮ ಬರುತ್ತಾನೆ. ದೀಪವಿಲ್ಲದ ಬಾಗಿಲಲ್ಲಿ ಅವನು ನಿಂತು ಕೂಗಿದರೆ ನನ್ನ ಕಥೆ ಮುಗಿಯಿತು. ಏನು ಕೆಟ್ಟಿದೆ, ತಿಳಿಸಿ.

ಸೋಮಮ್ಮ

*

ಕೆ.ಆರ್. ನಗರ
15–3–1978

ಸೋಮಮ್ಮನವರಿಗೆ,

ಮೊದಲು ಕೆಲಸದ ಮಾತು. ಕಲಾಯಿ ಸಾಬರು ಕೊಟ್ಟ ಪುಡಿ ನವಸಾಗರ. ನೀವು ‘ಹಚ್ಚುವ ಪುಡಿ’ ಎಂದು ಫೆಬ್ರವರಿಯಲ್ಲೇ ಬರೆದಿದ್ದೀರಿ, ನಾನು ಇಸ್ತ್ರಿ ಪೆಟ್ಟಿಗೆಯ ಸಂಭ್ರಮದಲ್ಲಿ ಅದರ ಮೇಲೆ ಕಣ್ಣೇ ಹಾಯಿಸಲಿಲ್ಲ. ತಪ್ಪು ಸಾಬರದ್ದಲ್ಲ, ನಿಮ್ಮದೂ ಅಲ್ಲ. ಪಾತ್ರೆಗೆ ಅದೇ ಸರಿ, ಕಲಾಯಿ ಆದಮೇಲೆ ತೊಳೆದುಬಿಡುತ್ತಾರೆ. ನಮ್ಮ ಸಣ್ಣ ತಂತಿಯ ಮೇಲೆ ಅದು ಉಳಿದರೆ ಗೆದ್ದಲಿನ ಹಾಗೆ ತಿನ್ನುತ್ತದೆ.

ಹೀಗೆ ಮಾಡಿ. ಹಸಿರಾದ ತುದಿಗಳನ್ನೆಲ್ಲ ಕತ್ತರಿಸಿ ಬಿಸಾಡಿ. ಕಾಳಿನ ಕಾಲು ಒಳ್ಳೆಯದಿರುವಷ್ಟು ಉಳಿಸಿ. ತಾಮ್ರದ ಕಡ್ಡಿಯನ್ನು ಬಿಸಿನೀರಿನಲ್ಲಿ ಉಜ್ಜಿ ಉಜ್ಜಿ ತೊಳೆಯಿರಿ. ಗಿಡಮೂಲಿಕೆ ಮಾರುವ ಗ್ರಂಥಿಗೆ ಅಂಗಡಿಯಲ್ಲಿ ರಾಳ ಕೇಳಿ, ನಾಟಕದವರು ಪಂಜಿಗೆ ಎರಚಿ ಭಗ್ಗೆನಿಸುತ್ತಾರಲ್ಲ, ಅದೇ. ಅದನ್ನು ಪುಡಿ ಮಾಡಿ ತಂತಿಗೆ ಹಚ್ಚಿ ಬೆಸೆಯಿರಿ. ರಾಳ ತಿನ್ನುವುದಿಲ್ಲ, ಕಾಯುತ್ತದೆ.

ಇನ್ನು ಬೇರೆ ಮಾತು. ನಿಮ್ಮನ್ನು ಮಗು ಎಂದೆ, ಗಂಟಲು ಎಂದೆ, ಕಿವುಡರು ಎಂದು ಏನೇನೋ ಬರೆದೆ. ಹಳೆಯ ಕಾಗದಗಳು ನಿಮ್ಮ ಹತ್ತಿರ ಇದ್ದರೆ ಇಸ್ತ್ರಿ ಪೆಟ್ಟಿಗೆಗೆ ಹಾಕಿ. ನನಗೆ ನಾಚಿಕೆಯಾಗಿದೆ.

ನೀವು ನಿಜ ಹೇಳಿದ ಮೇಲೆ ನಾನು ಸುಳ್ಳನ್ನು ಇಟ್ಟುಕೊಂಡಿರಬಾರದು. ಮೊದಲ ಬಸ್ಸಿಗೇ ಬಂದು ಬೆಸೆದು ಕೊಡಬೇಕು, ಬರಲಾರೆ. ನನ್ನ ಕೈ ನಡುಗುತ್ತದೆ. ಎರಡು ವರ್ಷವಾಯಿತು. ಕಾರ್ಡನ್ನು ಬಸ್ಸಿನಲ್ಲಿ ಬರೆದದ್ದಲ್ಲ, ಮೇಜಿನ ಮೇಲೇ ಬರೆದದ್ದು. ಇಲ್ಲಿ ಕೆಲಸ ತಲೆ ಮೇಲೆ ಕೂತಿದೆ ಎಂದೆನಲ್ಲ, ಅದು ನಿಜ. ಹದಿನೇಳು ರೇಡಿಯೋ ಕಪಾಟಿನಲ್ಲಿ ಕೂತಿವೆ. ಪ್ರತಿಯೊಂದರ ರೋಗವೂ ನನಗೆ ಕಿವಿಯಲ್ಲೇ ಗೊತ್ತು. ಆದರೆ ಬೆಸೆಯಲು ಹೋದರೆ ಒಂದು ಗಂಟಿನ ಬದಲು ಪಕ್ಕದ ಮೂರು ಗಂಟು ಕರಗುತ್ತವೆ. ಇದನ್ನು ಮನೆಯಲ್ಲೂ ಹೇಳಿಲ್ಲ.

ಆದ್ದರಿಂದ ಕೈ ನಿಮ್ಮದೇ ಆಗಬೇಕು. ಧೈರ್ಯವಾಗಿ ಮಾಡಿ.

ನಿಮ್ಮ,
ಕುಳ್ಳಯ್ಯ

*

ಸರಗೂರು
16–4–1978

ಕುಳ್ಳಯ್ಯಣ್ಣನಿಗೆ,

ಒಂದು ತಿಂಗಳು ಕಾಗದ ಬರೆಯಲಿಲ್ಲ. ಯುಗಾದಿ ಹೊಲಿಗೆ ಸೊಂಟ ಮುರಿಯಿತು. ಅಷ್ಟು ಬಟ್ಟೆ ಹದಿನಾರು ವರ್ಷದಲ್ಲಿ ಬಂದಿರಲಿಲ್ಲ. ಬಂತೆಂದರೆ ದೀಪ ಹತ್ತಿತೆಂದು ನಿಮಗೆ ತಿಳಿದಿರಬೇಕು.

ಗ್ರಂಥಿಗೆ ಅಂಗಡಿಯವರು “ಯಾವ್ ನಾಟ್ಕ ಕಣಮ್ಮಾ, ನಿಂದೇನ್ ಪಾರ್ಟು?” ಎಂದು ಕೇಳಿದರು. “ಟೈಲರ್ ಪಾರ್ಟು” ಎಂದೆ. ರಾಳದ ಹೊಗೆಗೆ ಅಂಗಡಿಯೆಲ್ಲ ಪೂಜೆಮನೆಯ ಹಾಗೆ ಘಮಘಮ. ಈ ಸಲದ ಗಂಟುಗಳ ಮೇಲೆ ಜೇನು ಬಣ್ಣದ ಪೊರೆ ನಿಂತಿದೆ. ನಾಲ್ಕು ವಾರವಾಯಿತು, ಹಸಿರಿನ ಸುಳಿವಿಲ್ಲ.

ಈಗ ಮೊನ್ನೆಯ ಕಥೆ. ಗುರುವಾರ ಹನ್ನೊಂದು ಗಂಟೆಗೆ ದೀಪ ಒಂದು ಸಲ ಹತ್ತಿತು, ಅಳುಕುತ್ತಾ ಹತ್ತಿದ ಹಾಗೆ. ಒಂದು ಸಲ ಎಂದರೆ ಹೊಸಬರು. “ಯಾರದು? ಬಂದೆ, ಇರಿ” ಎಂದೆ. ತಿರುಗಿ ನೋಡಿದರೆ ಚಿಕ್ಕಣ್ಣ, ಕೂಗಲು ತೆರೆದ ಬಾಯಿ ತೆರೆದ ಹಾಗೇ ಇದೆ. ಒಳಗೆ ಬಂದವನೇ ಕಿಟಕಿ ನೋಡಿದ, ಗೋಡೆ ನೋಡಿದ, ಮೇಜಿನ ಕೆಳಗೆ ಬಗ್ಗಿ ನೋಡಿದ.

“ಇದೇನ್ ಮಾಟ ಕಣಕ್ಕಾ? ಬೆನ್ಗೂ ಕಣ್ ಬಂದದಾ ನಿಂಗೆ?”

ಬೆರಳ ಟೋಪಿಯೊಳಗಿನ ಕಾಳು ತೋರಿಸಿದೆ. ಯಾರು ಮಾಡಿದ್ದೆಂದು ಕೇಳಿದ. ನಾನೇ ಎಂದೆ. ನಂಬಲಿಲ್ಲ. ಇಸ್ತ್ರಿ ಪೆಟ್ಟಿಗೆ ತೆರೆದು ಅವನ ಎದುರಿಗೇ ಎರಡು ತಂತಿ ಬೆಸೆದೆ. ಜಗ್ಗಿ ನೋಡು ಎಂದು ಕೈಗೆ ಕೊಟ್ಟೆ. ನೇಗಿಲು ಹಿಡಿಯುವ ಕೈ, ಜಗ್ಗಿದ. ತಂತಿ ಬೇರೆ ಕಡೆ ತುಂಡಾಯಿತು, ಗಂಟು ಬಿಡಲಿಲ್ಲ. ಆಮೇಲೆ ಹೊರಗೆ ಹೋಗಿ ನಿಂತುಕೊಂಡು ಏಳೆಂಟು ಸಲ ಒತ್ತಿದ. ಒತ್ತಿದಾಗಲೆಲ್ಲ ನಾನು ತಿರುಗದೆ “ಬಂದ್ಯಾ ಚಿಕ್ಕಣ್ಣ” ಎಂದೆ. ಐವತ್ತು ಎಕರೆ ಗೆದ್ದವನ ಹಾಗೆ ನಗುತ್ತಿದ್ದ. ಅಷ್ಟು ಹೊತ್ತಿಗೆ ಕೆಂಪಿ ಬಂದಳು. “ಏಯ್, ಅಷ್ಟೊಂದ್ ಕಿತ ಒತ್ತಬ್ಯಾಡಿ ಗೌಡ್ರೇ, ನಂದೂ ನಂಜಣ್ಣಂದೂ ಎಲ್ಲಾ ಸೇರೋಯ್ತದೆ” ಎಂದು ಗದರಿದಳು.

ಹೊರಡುವಾಗ ನಾನೇ ಕೇಳಿದೆ, ಅಂಗಡಿ ಯಾವಾಗ ಮುಚ್ಚಬೇಕು ಎಂದು. ಎದುರಿಗೆ ನಿಂತು, ನನಗೆ ಕಾಣುವ ಹಾಗೆ, ನಿಧಾನವಾಗಿ ಹೇಳಿದ: “ಅಂಗ್ಡಿ ಮುಚ್ಚು ಅಂತ ನಾನ್ಯಾವಾಗಂದೆ? ಸುಮ್ಕೆ ಬುಡಕ್ಕಾ. ನಮ್ಮನೆ ಹಿತ್ಲಿಗೂ ಇಂಥದ್ದೊಂದ್ ಮಾಡ್ಕೊಡು.” ಅವನು ಬಸ್ಸು ಹತ್ತಿದ ಮೇಲೆ ಅರ್ಧ ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತೆ. ಇಷ್ಟು ಸಂತೋಷದ ಅಳು ನನಗೆ ಹೊಸದು.

ಅಣ್ಣಾ, ಈಗ ಎರಡು ಮಾತು. ಒಂದು, ಇನ್ನೊಮ್ಮೆ ನನಗೆ ‘ನೀವು’ ಎಂದು ಬರೆದರೆ ಕಾಗದ ವಾಪಸ್ಸು ಕಳಿಸುತ್ತೇನೆ. ಹಳೆಯ ಕಾಗದಗಳನ್ನು ಕೆಂಡಕ್ಕೆ ಹಾಕಿಲ್ಲ, ಹಾಕುವುದೂ ಇಲ್ಲ. ಎರಡು, ಆ ಹದಿನೇಳು ರೇಡಿಯೋದಲ್ಲಿ ಒಂದನ್ನು ಇಲ್ಲಿಗೆ ಕಳಿಸಿ. ರೋಗ ನಿಮಗೆ ಗೊತ್ತು. ನನ್ನ ಕೈ ನಡುಗುವುದಿಲ್ಲ.

ಸೋಮಮ್ಮ

*

ಕೆ.ಆರ್. ನಗರ
24–4–1978

ತಂಗೀ ಸೋಮಮ್ಮ,

ನಿನ್ನ ಕಾಗದ ಓದಿ ಮನೆಯವಳಿಗೆ ಕೈಯ ವಿಷಯ ಹೇಳಿದೆ. “ಎಲ್ಡ್ ವರ್ಷದಿಂದ ಕಾಫಿ ಲೋಟ ತುಳುಕ್ತಾ ಅದೆ, ನಂಗೊತ್ತಿಲ್ವಾ? ನೀವೇ ಯೋಳ್ಲಿ ಅಂತ ಸುಮ್ಕಿದ್ದೆ” ಎಂದಳು. ನಾನೊಬ್ಬನೇ ದಡ್ಡ.

ಹುಣಸೂರಿನಲ್ಲಿ ಬಸ್ಸು ಬದಲಾಯಿಸಿಕೊಂಡು ಬರುವ ಪರಿಚಯದವರ ಕೈಲಿ ಒಂದು ರೇಡಿಯೋ ಕಳಿಸಿದ್ದೇನೆ. ಸ್ಪೀಕರಿಗೆ ಹೋಗುವ ಹಳದಿ ತಂತಿ ಬಿಟ್ಟಿದೆ. ಧ್ವನಿ ಏರಿಸಿ ಇಳಿಸುವ ಬಿರಡೆಯ ಹಿಂದೆ ಎಡಗಡೆಯ ಗಂಟು ಸಡಿಲ. ಎರಡನ್ನೂ ಬೆಸೆ, ಬೇರೇನೂ ಮುಟ್ಟಬೇಡ.

ಒಂದೇ ಯೋಚನೆ. ಸರಿಯಾಯಿತೋ ಇಲ್ಲವೋ ಎಂದು ಕೇಳಬೇಕಲ್ಲ. ಅದಕ್ಕೆ ನಂಜಣ್ಣನನ್ನು ಕರೆ. ಇದನ್ನು ಬರೆಯಲು ನನಗೆ ಹಿಂಜರಿಕೆಯಾಯಿತು. ನೀನು ತಪ್ಪು ತಿಳಿಯಬೇಡ.

ನಿನ್ನ ಅಣ್ಣ,
ಕುಳ್ಳಯ್ಯ

*

ಸರಗೂರು
7–5–1978

ಕುಳ್ಳಯ್ಯಣ್ಣನಿಗೆ,

ನಂಜಣ್ಣನನ್ನು ಕರೆಯಲಿಲ್ಲ. ಅವರೇ ಓಡಿ ಬಂದರು. ಯಾಕೆಂದು ಹೇಳುತ್ತೇನೆ.

ಎರಡೂ ಬೆಸುಗೆ ಮುಗಿಸಿ ರೇಡಿಯೋ ಎದುರಿಗೆ ಇಟ್ಟುಕೊಂಡು ಕೂತೆ. ಪೆಟ್ಟಿಗೆ ಸುಮ್ಮನಿದೆಯೋ ಹಾಡುತ್ತಿದೆಯೋ ನನಗೆ ಹೇಗೆ ತಿಳಿಯಬೇಕು? ಮೇಲೆ ಕೈ ಇಟ್ಟರೆ ಸ್ವಲ್ಪ ಅದುರು ತಿಳಿಯಿತು, ಅದು ಬೀದಿಯ ಲಾರಿಯದ್ದೂ ಇರಬಹುದು. ಆಗ ನೆನಪಾಯಿತು, ನೀವು ಕಳಿಸಿದ ಎರಡು ಕಾಳಿನಲ್ಲಿ ಒಂದು ಇನ್ನೂ ಬೆಂಕಿಪೊಟ್ಟಣದಲ್ಲೇ ಇದೆ. ಸ್ಪೀಕರಿಗೆ ಹೋಗುವುದೂ ಎರಡು ತಂತಿ, ಕಾಳಿಗೆ ಇರುವುದೂ ಎರಡು ಕಾಲು. ನಿಮ್ಮನ್ನು ಕೇಳದೆ ಕೂಡಿಸಿದೆ. ಬೇರೇನೂ ಮುಟ್ಟಬೇಡ ಎಂದಿದ್ದಿರಿ, ಬೈಯಿರಿ. ಹತ್ತಲಿಲ್ಲ. ಬಿರಡೆ ತಿರುಗಿಸಿದೆ. ಇನ್ನೂ ತಿರುಗಿಸಿದೆ. ಪೂರ್ತಿ ತಿರುಗಿಸಿದೆ.

ಅಣ್ಣಾ, ಅದು ಕುಣಿಯಿತು.

ನಮ್ಮ ಬಾಗಿಲ ದೀಪದ ಹಾಗೆ ಸುಮ್ಮನೆ ಹತ್ತಿ ಆರುವುದಲ್ಲ. ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ, ಒಮ್ಮೆ ಸಾಲಾಗಿ ನಡುಗಿ, ಮತ್ತೆ ಒಂದೇ ಸಮನೆ ಉರಿದು. ನಾನು ಹೊಲಿಗೆ ಬಿಟ್ಟು ನೋಡುತ್ತಲೇ ಕೂತೆ. ನಾನು ಹನ್ನೊಂದು ವರ್ಷದವಳಿದ್ದಾಗ ನಮ್ಮವ್ವ ರಾಗಿ ಬೀಸುತ್ತಾ ಹಾಡುತ್ತಿದ್ದಳು, ಪದ ಮರೆತಿದ್ದೇನೆ, ಅದು ಹೋಗಿ ಬರುತ್ತಿದ್ದ ರೀತಿ ಹೀಗೆಯೇ ಇತ್ತು. ಮೂವತ್ತಮೂರು ವರ್ಷದ ಮೇಲೆ ನಾನು ರೇಡಿಯೋ ಕೇಳಿದೆ.

ಅಷ್ಟರಲ್ಲಿ ಸೂಜಿಯ ಪಕ್ಕದ ದೀಪ ಉದ್ದ, ಗಿಡ್ಡ, ಉದ್ದ, ಗಿಡ್ಡ ಎಂದು ಹುಚ್ಚೆದ್ದ ಹಾಗೆ ಹತ್ತಿತು. ನೋಡಿದರೆ ಬಾಗಿಲಲ್ಲಿ ನಂಜಣ್ಣ, ಅವರ ಹಿಂದೆ ಅರ್ಧ ಬೀದಿ. ಎಲ್ಲರ ಕೈಯೂ ಕಿವಿಯ ಮೇಲೆ. ಬಿರಡೆ ಪೂರ್ತಿ ತಿರುಗಿಸಿದ್ದು ನನಗೆ ಮರೆತೇ ಹೋಗಿತ್ತು.

ರೇಡಿಯೋ ವಾಪಸ್ಸು ಕಳಿಸುತ್ತಿದ್ದೇನೆ. ಹೊಟ್ಟೆಯ ಕೆಳಗೆ ನಾನೇ ಚೀಟಿ ಅಂಟಿಸಿದ್ದೇನೆ. ‘ರಿಪೇರಿ ಮಾಡಿದವರು: ಕುಳ್ಳಯ್ಯ ಮತ್ತು ಸೋಮಮ್ಮ. ಮತ್ತೆ ಕೆಟ್ಟರೆ ಒಂದು ಕಾರ್ಡು ಬರೆಯಿರಿ.’ ಕಾಳು ಮಾತ್ರ ನನ್ನ ಹತ್ತಿರ ಇರಲಿ.

ಒಂದು ಅನುಮಾನವಿದೆ. ಬಿರಡೆ ತಗ್ಗಿಸುವ ಮೊದಲು ನಂಜಣ್ಣ ಕಿವಿ ಮುಚ್ಚಿಕೊಂಡೇ ಹೇಳಿದರು, ಈಗ ಹಾಡು ಮುಗಿದು ವಾರ್ತೆ ಬರುತ್ತಿದೆ ಎಂದು. ಆ ವಾರ್ತೆಯ ನಡುನಡುವೆ ಕಾಳು ಆರಿ ಆರಿ ಹತ್ತುತ್ತಿತ್ತು. ಕಣ್ಣು ಮಿಟುಕಿಸುವಷ್ಟೇ ಹೊತ್ತು, ಆದರೆ ತಪ್ಪದೆ. ನನ್ನ ಬೆಸುಗೆ ಎಲ್ಲಾದರೂ ಸಡಿಲವಿದೆಯೇ?

ಸೋಮಮ್ಮ

*

ಕೆ.ಆರ್. ನಗರ
13–5–1978

ತಂಗೀ,

ರೇಡಿಯೋ ಬಂತು. ಎರಡು ಗಂಟನ್ನೂ ಭೂತಗನ್ನಡಿಯಲ್ಲಿ ನೋಡಿದೆ. ನನ್ನ ಕೈ ಸರಿಯಿದ್ದಾಗಲೂ ನಾನು ಹೀಗೆ ಬೆಸೆದವನಲ್ಲ.

ಸಡಿಲವಿಲ್ಲ. ಆದರೂ ನಿನ್ನ ಅನುಮಾನ ತೀರಿಸಲೆಂದು ವಾರ್ತೆಯ ಹೊತ್ತಿಗೆ ಅದರ ಪಕ್ಕದಲ್ಲೇ ಕಣ್ಣು ಮುಚ್ಚಿ ಕೂತು ಕೇಳಿದೆ. ಆಗ ತಿಳಿಯಿತು. ವಾರ್ತೆ ಓದುವವರು ಮಾತಿನ ನಡುವೆ ಉಸಿರು ತೆಗೆದುಕೊಳ್ಳುತ್ತಾರಮ್ಮ. ನೀನು ಕಂಡದ್ದು ಅದನ್ನೇ. ಇಪ್ಪತ್ತೆಂಟು ವರ್ಷ ರೇಡಿಯೋಕ್ಕೆ ಕಿವಿ ಕೊಟ್ಟುಕೊಂಡೇ ಬದುಕಿದ್ದೇನೆ, ನಾನು ಅದನ್ನು ಕೇಳಿಸಿಕೊಂಡಿರಲಿಲ್ಲ.

ಬರುವ ಶನಿವಾರ ಬೆಳಗಿನ ಬಸ್ಸಿಗೆ ನಾನೇ ಎರಡು ರೇಡಿಯೋ ಹೊತ್ತುಕೊಂಡು ಬರುತ್ತಿದ್ದೇನೆ. ಕೂಗುವುದಿಲ್ಲ. ಐದು ಸಲ ಒತ್ತುತ್ತೇನೆ, ಆ ಲೆಕ್ಕ ಬೇರೆ ಯಾರಿಗೂ ಕೊಡಬೇಡ.

ಕುಳ್ಳಯ್ಯ